ಮಡಿದವರ ಊರಿನ ಜಾತ್ರೆ

ಒಬ್ಬನ ಮರಣವು ಮತ್ತೊಬ್ಬನಿಗೆ ವಿನೋದವಾಗಬಹುದೆ ಎಂಬುದು ಬಹು ಹಳೆಯ ಪ್ರಶ್ನೆ. ಯುದ್ಧ, ರಾಜ್ಯಭ್ರಂಶ, ಮರಣ, ಪುರದ ಮುತ್ತಿಗೆ ಇವನ್ನು ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸಲಾಗದು, ಪ್ರವೇಶಕದ ಮೂಲಕ ಸೂಚಿಸತಕ್ಕದ್ದು ಎಂದು ನಾಟ್ಯಶಾಸ್ತ್ರವು ವಿಧಿಸಿರುವುದು. ಭಾಸನಿಗೆ ಈ ಕಟ್ಟು ಹಿಡಿಸಲಿಲ್ಲವೋ ಏನೋ. ಅವನದೆಂದು ಹೇಳಲಾಗುವ ‘ಊರುಭಂಗ’ದಲ್ಲಿ ದುರ್ಯೋಧನನು ಸಭಿಕರ ಕಣ್ಣೆದುರಿನಲ್ಲಿಯೇ ಪ್ರಾಣವನ್ನು ಬಿಡುತ್ತಾನೆ. ಶಾಸ್ತ್ರಕಾರನು ಸರಿಯೋ ಕವಿಯು ಸರಿಯೋ ಎಂಬ ವಾದವನ್ನು ಪಂಡಿತರು ಗ್ರಂಥಗಳಲ್ಲಿ ನಡೆಯಿಸುವರು. ಆದರೆ ಅದೇ ವಾದವನ್ನು ತನಗರಿಯದೆಯೇ ಪ್ರತಿದಿನವೂ ಬೀದಿಯಲ್ಲಿ ನಡೆಯಿಸುತ್ತಿರುವ ಊರೊಂದು ಭೂಮಂಡಲದ ಇನ್ನೊಂದು ಮಗ್ಗುಲಲ್ಲಿ, ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಅರಿಜೋನಾ ಸೀಮೆಯ ಮರುಭೂಮಿಯಲ್ಲಿ ಇರುವುದು. ಅದರ ಹೆಸರು ಟೂಂಬ್‌ಸ್ಟೋನ್. ಕನ್ನಡದಲ್ಲಿ ಹೇಳುವುದಾದರೆ, ಗೋರಿಕಲ್ಲು.

ಹೆಸರೇ ಒಂದು ಕ್ರೂರ ಪರಿಹಾಸ್ಯದಿಂದ ಹುಟ್ಟಿತು. 1877ರಲ್ಲಿ ಎಡ್ ಷೀಫೆಲಿನ್ ಎಂಬಾತನು ಲೋಹದ ಅದಿರನ್ನರಸುತ್ತ ಅಪಾಚೆ ಜನರ ನೆಲೆಯಾಗಿದ್ದ ಆ ಗುಡ್ಡಗಳಿಗೆ ಹೊರಟಾಗ, ಸೈನ್ಯದ ಪಾಳೆಯದವರು ಅವನಿಗೆ ಅಲ್ಲಿ ದೊರೆಯುವ ಕಲ್ಲೆಂದರೆ ಅವನ ಗೋರಿಯ ಕಲ್ಲೊಂದೇ ಎಂದು ನಕ್ಕರಂತೆ. ಅವನಿಗೆ ದೊರೆತದ್ದು ಬೆಳ್ಳಿ. 1879ರಲ್ಲಿ ಊರನ್ನು ಅಳೆದು ಬೀದಿಗಳನ್ನು ಗುರುತಿಸಿದರು. ಎರಡು ಮೂರು ವರ್ಷಗಳಲ್ಲಿ ಸಾವಿರಾರು ಜನ ಬಂದು ತುಂಬಿದರು. ನಾಟಕಶಾಲೆ, ವೃತ್ತಪತ್ರಿಕೆ, ಜೂಜಿನ ಕಟ್ಟೆ, ಚರ್ಚು, ನ್ಯಾಯಸ್ಥಾನ ಎಲ್ಲವೂ ಆದವು. 1881ರಲ್ಲಿಯೂ 1882ರಲ್ಲಿಯೂ ಬೆಂಕಿ ಬಿದ್ದು ವ್ಯಾಪಾರದ ಬೀದಿಗಳು ಸುಟ್ಟುಹೋದವು. ಬೂದಿ ಆರುವ ಮೊದಲೇ ಜನರು ಮರಳಿ ಕಟ್ಟಿಕೊಂಡರು. ಬೆಂಕಿಗೆ ಅಂಜದ ಊರನ್ನು ಕೆಡಿಸಿದುದು ನೀರು. ಗಣಿಗಳು ಆಳಕ್ಕಿಳಿದಂತೆ ತಳದಲ್ಲಿ ನೀರು ಉಕ್ಕತೊಡಗಿತು. ಅದನ್ನೆತ್ತಲು ನಿಲ್ಲಿಸಿದ ಯಂತ್ರಗಳಲ್ಲಿ ಮುಖ್ಯವಾದವು 1886ರಲ್ಲಿ ಸುಟ್ಟುಹೋದವು. ಕುಡಿಯುವ ನೀರಿಗೆ ಹಾರೈಸುವ ಮರುಭೂಮಿಯಲ್ಲಿ ಒಂದು ಊರು ನೀರು ಹೆಚ್ಚಾಗಿ ಹಾಳಾಯಿತೆಂಬುದು ವಿಧಿಯ ವಿನೋದವೆನ್ನಬೇಕು.

1929ರಲ್ಲಿ ಆ ಸೀಮೆಯ ಮತದಾರರು ಜಿಲ್ಲೆಯ ಕಚೇರಿಯನ್ನೂ ಬಿಸ್ಬಿ ಎಂಬ ನೆರೆಯೂರಿಗೆ ಒಯ್ಯಬೇಕೆಂದು ತೀರ್ಮಾನಿಸಿದರು. ಗಣಿಯೂ ಇಲ್ಲ, ಕಚೇರಿಯೂ ಇಲ್ಲ, ಉಳಿದುದು ನೆನಪು. ಅದೇ ವರ್ಷದ ಅಕ್ಟೋಬರಿನಲ್ಲಿ ಊರಿನವರು ತಮ್ಮ ಐವತ್ತನೆಯ ವರ್ಷದ ಉತ್ಸವವನ್ನು ನಡೆಯಿಸಿ, ಅದಕ್ಕೆ ‘ಹೆಲ್ಡೊರಾಡೊ’ ಎಂದು ಹೆಸರಿಟ್ಟರು. ಹೊನ್ನಿನ ನಾಡಿನ ಹೆಸರಿಗೆ ನರಕವನ್ನು ಬೆಸೆದ ಈ ಪದವನ್ನು, ಹಿಂದೆ ಅಲ್ಲಿ ಷರೀಫನ ಸಹಾಯಕನಾಗಿದ್ದವನೊಬ್ಬನು ತನ್ನ ಆತ್ಮಕಥೆಗೆ ಹಿಂದಿನ ವರ್ಷವೇ ಇಟ್ಟಿದ್ದನು. ಆ ಉತ್ಸವವು ಇಂದಿಗೂ ಅಕ್ಟೋಬರ್ ತಿಂಗಳಿನಲ್ಲಿ ನಡೆಯುವುದು. ಮೆರವಣಿಗೆ, ಹಳೆಯ ಕಾಲದ ಉಡುಪು, ಕುದುರೆಬಂಡಿ, ಬೀದಿಯಲ್ಲಿ ಬಂದೂಕಿನ ಕಾಳಗ ಇವು ಅದರ ಅಂಗಗಳು. ಮೇ ತಿಂಗಳಿನಲ್ಲಿ ಇನ್ನೊಂದು, ವಸಂತದಲ್ಲಿ ಮತ್ತೊಂದು ಹಬ್ಬ. ಹಬ್ಬವಿಲ್ಲದ ದಿನಗಳಲ್ಲಿಯೂ ಓ.ಕೆ. ಕೊರಾಲ್ ಎಂಬ ಕುದುರೆಲಾಯದ ಆವರಣದಲ್ಲಿ ಹಣ ತೆತ್ತು ಕುಳಿತವರ ಮುಂದೆ ಮೂವರು ಸಾಯುವರು. ಎದ್ದು ಮೈಯ ಧೂಳನ್ನು ಕೊಡವಿಕೊಳ್ಳುವರು. ಮರುದಿನ ಮತ್ತೆ ಸಾಯುವರು.

ಆ ಮೂವರು ಕಲ್ಪಿತ ಪಾತ್ರಗಳಲ್ಲವೆಂಬುದೇ ಇಲ್ಲಿಯ ಪ್ರಶ್ನೆಯ ಬೇರು. 1881ನೆಯ ಅಕ್ಟೋಬರ್ 26ರ ಮಧ್ಯಾಹ್ನ ಊರಿನ ಪೋಲೀಸು ಮುಖ್ಯನಾಗಿದ್ದ ವರ್ಜಿಲ್ ಅರ್ಪ್ ಎಂಬುವನು ತನ್ನ ತಮ್ಮಂದಿರಾದ ವಯಟ್, ಮಾರ್ಗನ್ ಎಂಬವರನ್ನೂ, ಹಾಲಿಡೇ ಎಂಬ ದಂತವೈದ್ಯನನ್ನೂ ಕೂಡಿಕೊಂಡು, ಊರೊಳಗೆ ಆಯುಧ ಧರಿಸಿದ್ದಾರೆಂಬ ಕಾರಣದಿಂದ ದನಗಾಹಿಗಳ ಗುಂಪೊಂದನ್ನು ಎದುರಿಸಿದನು. ಸುಮಾರು ಮೂವತ್ತು ಸೆಕೆಂಡುಗಳಲ್ಲಿ ಸುಮಾರು ಮೂವತ್ತು ಗುಂಡುಗಳು ಹಾರಿದವು. ಬಿಲ್ಲಿ ಕ್ಲ್ಯಾಂಟನ್, ಫ್ರ್ಯಾಂಕ್ ಮೆಕ್‌ಲೌರಿ, ಅವನ ತಮ್ಮ ಟಾಮ್ ಮೆಕ್‌ಲೌರಿ ಇವರು ಮಡಿದರು. ಬಿಲ್ಲಿಗೆ ಇನ್ನೂ ಹತ್ತೊಂಬತ್ತು ವರ್ಷ. ಟಾಮನ ಬಳಿ ಆಯುಧವಿದ್ದಿತೇ ಇಲ್ಲವೇ ಎಂಬುದು ವಿಚಾರಣೆಯಲ್ಲಿಯೂ ಬಗೆಹರಿಯಲಿಲ್ಲ. ಕಾಳಗವು ನಡೆದುದು ಆ ಲಾಯದೊಳಗೂ ಅಲ್ಲ. ಅದರ ಹಿಂಬಾಗಿಲಿನಿಂದ ಕೆಲವು ಮನೆಗಳಾಚೆ, ಛಾಯಾಚಿತ್ರಕಾರನೊಬ್ಬನ ಮನೆಯ ಪಕ್ಕದ ಇಕ್ಕಟ್ಟಾದ ಬಯಲಿನಲ್ಲಿ. ಲಾಯದ ಹೆಸರು ಲೋಕಪ್ರಸಿದ್ಧವಾದುದು 1957ರ ಚಲಚ್ಚಿತ್ರದಿಂದ. ಹೆಸರು ಚೆನ್ನಾಗಿದ್ದರೆ ಸ್ಥಳವು ತಾನೇ ಸರಿದು ಬರುವುದು!

ಇಂತಹ ಊರನ್ನು ಕಂಡು ಧರ್ಮನಿಷ್ಠನಾದವನೊಬ್ಬನು ಮೂಗು ಮುರಿಯುವುದು ಸುಲಭ. ಕೊಲೆಯನ್ನು ಮಾರಿ ಉಣ್ಣುವವರೆಂದು ಅವನು ಊರಿನವರನ್ನು ಜರೆದಾನು. ಆದರೆ ಅವರ ಮಾತನ್ನೂ ಕೇಳಬೇಡವೆ? ಅದೇ ಬಯಲಿನಲ್ಲಿ ಅದೇ ಕಾಲದಲ್ಲಿ ಹುಟ್ಟಿದ ಚಾರ್ಲ್ಸ್‌ಟನ್, ಫೇರ್‌ಬ್ಯಾಂಕ್ ಮೊದಲಾದ ಊರುಗಳು ಇಂದು ಕುಸಿದ ಗೋಡೆಗಳಾಗಿ, ಇಲ್ಲವೆ ಬರಿಯ ಮನೆಗಳಾಗಿ ಉಳಿದಿವೆ. ಟೂಂಬ್‌ಸ್ಟೋನಿನಲ್ಲಿ 2020ರ ಜನಗಣತಿಯಂತೆ ಸುಮಾರು 1,300 ಜನರು ಬಾಳುತ್ತಿರುವರು. ಅವರ ಮಕ್ಕಳು ಶಾಲೆಗೆ ಹೋಗುವುದು, ಹಳೆಯ ನ್ಯಾಯಸ್ಥಾನದ ಕಟ್ಟಡವು ಬೀಳದೆ ನಿಂತಿರುವುದು, ಷೀಫೆಲಿನ್ ಹೆಸರಿನ ಮಣ್ಣಿಟ್ಟಿಗೆಯ ಸಭಾಭವನಕ್ಕೆ ಕಾಲಕಾಲಕ್ಕೆ ಸುಣ್ಣ ಬೀಳುವುದು, ಇವೆಲ್ಲವೂ ನೋಡಬಂದವರ ಹಣದಿಂದ. ಸತ್ತ ಮೂವರ ಕಥೆಯಿಂದ ಬದುಕಿರುವ ಸಾವಿರ ಜನರು ಅನ್ನ ಕಾಣುವುದಾದರೆ ಅದರಲ್ಲಿ ಪಾಪವೇನು? ಹೊಟ್ಟೆ ತುಂಬಿದವರು ದೂರದಿಂದ ಹೇಳುವ ಧರ್ಮಕ್ಕೆ ಬೆಲೆ ಕಡಿಮೆ.

ಅಷ್ಟಾದರೂ, ಈ ಪ್ರಶ್ನೆಯನ್ನು ಹೊರಗಿನವರು ಹುಟ್ಟಿಸಿದರೆನ್ನುವಂತಿಲ್ಲ. ಊರಿನೊಳಗೇ ಒಬ್ಬ ಹೆಂಗಸು ಅದನ್ನು ಒಮ್ಮೆ ಎತ್ತಿ, ತನ್ನ ಉತ್ತರವನ್ನು ಕೊಡಲಿಯಿಂದ ಕೊಟ್ಟಳು. 1883ರ ಡಿಸೆಂಬರಿನಲ್ಲಿ ಬಿಸ್ಬಿಯ ಅಂಗಡಿಯೊಂದನ್ನು ದೋಚುವಾಗ ನಾಲ್ವರನ್ನು ಕೊಂದ ಅಪರಾಧಕ್ಕಾಗಿ ಐವರಿಗೆ ಗಲ್ಲಿನ ಶಿಕ್ಷೆಯಾಯಿತು; ದಿನವು 1884ನೆಯ ಮಾರ್ಚ್ 28 ಎಂದು ಗೊತ್ತಾಯಿತು. ನ್ಯಾಯಸ್ಥಾನದ ಹಿಂದಿನ ಅಂಗಳಕ್ಕೆ ಗೋಡೆಯಿದ್ದುದರಿಂದ ಎಲ್ಲರಿಗೂ ಕಾಣುವಂತಿರಲಿಲ್ಲ. ವ್ಯವಹಾರಚತುರನೊಬ್ಬನು ಗೋಡೆಯಾಚೆ ಮರದ ಅಟ್ಟಣೆಯನ್ನು ಕಟ್ಟಿಸಿ, ಕುಳಿತು ನೋಡುವವರಿಗೆ ಟಿಕೀಟು ಮಾರಲು ಹವಣಿಸಿದನು. ಊಟದ ಮನೆಯನ್ನು ನಡೆಯಿಸುತ್ತಿದ್ದ ನೆಲ್ಲಿ ಕ್ಯಾಶ್ಮನ್ ಎಂಬ ಐರಿಷ್ ಮಹಿಳೆಯು ಸೆರೆಮನೆಗೆ ಹೋಗಿ ಆ ಐವರನ್ನು ಕಂಡು ಮಾತನಾಡುತ್ತಿದ್ದಳು. ಈ ಟಿಕೀಟಿನ ಸುದ್ದಿಯು ಆಕೆಗೆ ಸಹಿಸಲಿಲ್ಲ. ಗಲ್ಲಿನ ಹಿಂದಿನ ರಾತ್ರಿ ಗಣಿಯಾಳುಗಳನ್ನು ಜತೆಗೂಡಿಸಿ ಆ ಅಟ್ಟಣೆಯನ್ನು ಕಡಿದು ಕೆಡವಿಸಿದಳೆಂದು ಊರಿನ ಚರಿತ್ರೆಯು ಹೇಳುವುದು. ಆಕೆಯು ಶಿಕ್ಷೆಯನ್ನು ತಡೆಯಲು ಹೋಗಲಿಲ್ಲ. ಅವರು ನಿರಪರಾಧಿಗಳೆಂದು ಸಾಧಿಸಲೂ ಇಲ್ಲ. ಸಾಯುವವರು ಸಾಯಲಿ, ಆದರೆ ಅವರ ಸಾವಿಗೆ ಪೀಠದ ಬೆಲೆ ಗೊತ್ತು ಮಾಡುವ ಹಕ್ಕು ಯಾರಿಗೂ ಇಲ್ಲ ಎಂಬಷ್ಟೇ ಆಕೆಯ ವಾದ.

ಇಂದು ಆ ಅಂಗಳದಲ್ಲಿ ಗಲ್ಲಿನ ಮರವನ್ನು ಹಿಂದಿನಂತೆಯೇ ಮಾಡಿ ನಿಲ್ಲಿಸಿರುವರು. ಕುದುರೆಲಾಯದಲ್ಲಿ ಪೀಠಗಳ ಸಾಲುಂಟು. ನೆಲ್ಲಿಯು ಇವುಗಳನ್ನೂ ಕಡಿಸುತ್ತಿದ್ದಳೆ? ಅಭಿನಯವು ಅನುಕರಣ ಮಾತ್ರ, ಅಲ್ಲಿ ಯಾರಿಗೂ ನೋವಿಲ್ಲ. ಆದುದರಿಂದ ಎರಡಕ್ಕೂ ಹೋಲಿಕೆ ಸಲ್ಲದು ಎಂದು ತಾರ್ಕಿಕನು ಹೇಳುವನು. ಈ ಮಾತು ಬಹಳ ಮಟ್ಟಿಗೆ ದಿಟ. ಆದರೂ ಅನುಕರಣಕ್ಕೂ ನಿಜಕ್ಕೂ ನಡುವೆ ಇರುವ ಗೋಡೆಯು ಅಷ್ಟೇನೂ ದಪ್ಪವಲ್ಲವೆಂಬುದು 2015ರ ಅಕ್ಟೋಬರಿನಲ್ಲಿ ತಿಳಿದುಬಂದಿತು. ಬೀದಿಯ ಕಾಳಗದ ಅಭಿನಯವೊಂದರಲ್ಲಿ ನಟನೊಬ್ಬನ ಪಿಸ್ತೂಲಿನಲ್ಲಿ ಹುಸಿ ತೋಟಾಗಳಿಗೆ ಬದಲಾಗಿ ನಿಜವಾದ ಗುಂಡುಗಳಿದ್ದು, ಎದುರಿನ ನಟನು ಗಾಯಗೊಂಡು ನೆಲಕ್ಕುರುಳಿದನು. ಪುಣ್ಯವಶಾತ್ ಶಸ್ತ್ರಚಿಕಿತ್ಸೆಯಿಂದ ಅವನು ಉಳಿದುಕೊಂಡನು. ಬೀಳುವುದೇ ಅವನ ಪಾತ್ರವಾಗಿರಲು, ಅವನು ಬಿದ್ದುದನ್ನು ನೋಡಿದವರು ಆ ಮೊದಲ ಗಳಿಗೆಯಲ್ಲಿ ಏನೆಂದು ತಿಳಿಯಬೇಕು?

ಹೀಗೆಂದಮಾತ್ರಕ್ಕೆ ಆಟವನ್ನೇ ನಿಲ್ಲಿಸತಕ್ಕದ್ದೆಂದು ಸಿದ್ಧವಾಗುವುದಿಲ್ಲ. ದೋಷವು ಸಾವನ್ನು ತೋರಿಸುವುದರಲ್ಲಿ ಇಲ್ಲ. ತೋರಿಸುವುದನ್ನು ಎಲ್ಲಿಗೆ ನಿಲ್ಲಿಸುವರೆಂಬುದರಲ್ಲಿ ಇದೆ. ಈಗ ಭಾಸನನ್ನು ಮತ್ತೆ ನೆನೆಯಬೇಕು. ಅವನು ಶಾಸ್ತ್ರವನ್ನು ಮೀರಿದನು ನಿಜ. ಆದರೆ ತೊಡೆ ಮುರಿದು ಬಿದ್ದ ದುರ್ಯೋಧನನ ಬಳಿಗೆ ಕುರುಡ ತಂದೆಯನ್ನೂ, ಕಣ್ಣಿಗೆ ಬಟ್ಟೆ ಕಟ್ಟಿದ ತಾಯಿಯನ್ನೂ, ಹೆಂಡಿರನ್ನೂ, ಎಳೆಯ ಮಗ ದುರ್ಜಯನನ್ನೂ ಕರೆತಂದನು. ಮಗುವು ಎಂದಿನಂತೆ ತಂದೆಯ ತೊಡೆಯೇರಲು ಬರುವುದು, ಏರಗೊಡಲು ತೊಡೆಯಿಲ್ಲ. ಅದನ್ನು ನೋಡಿದವನು ದುರ್ಯೋಧನನು ಕೆಟ್ಟವನೆಂಬುದನ್ನು ಮರೆಯನು, ಆದರೆ ಚಪ್ಪಾಳೆಯನ್ನೂ ತಟ್ಟಲಾರನು. ಟೂಂಬ್‌ಸ್ಟೋನಿನ ಆಟವು ಮೂರನೆಯವನು ಬೀಳುತ್ತಲೇ ಮುಗಿಯುವುದು. ಭಾಸನ ನಾಟಕವಾದರೋ ಅಲ್ಲಿಯೇ ಆರಂಭವಾಗುವುದು.

ಆ ಊರಿನ ಚರಿತ್ರೆಯಲ್ಲಿ ದುರ್ಜಯನ ಅಂಕಕ್ಕೆ ಸಾಮಗ್ರಿಯಿಲ್ಲವೆಂದಲ್ಲ. ಸತ್ತ ಮೂವರ ದೇಹಗಳನ್ನು ಪೆಟ್ಟಿಗೆಗಳಲ್ಲಿರಿಸಿ, ಟೂಂಬ್‌ಸ್ಟೋನಿನ ಬೀದಿಗಳಲ್ಲಿ ಕೊಲೆಯಾದವರು ಎಂಬ ಬರಹದೊಡನೆ ಅಂಗಡಿಯ ಕಿಟಕಿಯಲ್ಲಿ ಜನರಿಗೆ ಕಾಣುವಂತೆ ಇಟ್ಟಿದ್ದರು. ಶವಯಾತ್ರೆಗೆ ನೂರಾರು ಜನ ನಡೆದರು. ಮೆಕ್‌ಲೌರಿಗಳ ಸೋದರನೊಬ್ಬನು ಟೆಕ್ಸಾಸಿನಲ್ಲಿ ವಕೀಲನಾಗಿದ್ದನು. ಅವನ ಹೆಂಡತಿಯು ಕೆಲವೇ ತಿಂಗಳ ಹಿಂದೆ ತೀರಿಕೊಂಡಿದ್ದಳು; ಮನೆಯಲ್ಲಿ ಚಿಕ್ಕ ಮಕ್ಕಳು. ಅವರನ್ನು ಬಿಟ್ಟು ಅವನು ಈ ಮರುಭೂಮಿಗೆ ಬಂದು, ತಮ್ಮಂದಿರನ್ನು ಕೊಂದವರಿಗೆ ಶಿಕ್ಷೆಯಾಗಬೇಕೆಂದು ವಾದಿಸಲು ನಿಂತನು. ವಿಚಾರಣೆಯು ಸುಮಾರು ಒಂದು ತಿಂಗಳು ನಡೆಯಿತು. ನ್ಯಾಯಾಧೀಶ ಸ್ಪೈಸರನು ನವೆಂಬರ್ 30ರಂದು, ಆಪಾದಿತರನ್ನು ಮೇಲಿನ ವಿಚಾರಣೆಗೆ ಒಪ್ಪಿಸುವಷ್ಟು ಸಾಕ್ಷ್ಯವಿಲ್ಲವೆಂದು ಬಿಡುಗಡೆ ಮಾಡಿದನು. ಆದರೆ ಹಗೆತನವುಳ್ಳ ವಯಟನನ್ನೂ ಹಾಲಿಡೇಯನ್ನೂ ವರ್ಜಿಲನು ನೆರವಿಗೆ ಕರೆದುದು ಅವಿವೇಕದ, ಆಕ್ಷೇಪಾರ್ಹವಾದ ಕಾರ್ಯವೆಂದೂ ಬರೆದನು. ಅಪರಾಧವಲ್ಲ, ಆದರೂ ಸರಿಯಲ್ಲ: ಈ ಎರಡು ಮಾತುಗಳ ನಡುವಣ ಕಿರಿದಾದ ದಾರಿಯಲ್ಲಿಯೇ ಮನುಷ್ಯನ ಬಹುತೇಕ ಕೃತ್ಯಗಳು ಸಂಚರಿಸುವುವು. ವಕೀಲನು ಬರಿಗೈಯಲ್ಲಿ ಮರಳಿದನು. ಗೆದ್ದವರಿಗಾದರೂ ಸುಖವಾಯಿತೆ? ಡಿಸೆಂಬರಿನಲ್ಲಿ ವರ್ಜಿಲನ ಮೇಲೆ ಯಾರೋ ಮರೆಯಿಂದ ಗುಂಡು ಹಾರಿಸಿ ಅವನ ಎಡತೋಳು ಬಾಳೆಲ್ಲ ಕೆಲಸಕ್ಕೆ ಬಾರದಾಯಿತು; 1882ರ ಮಾರ್ಚಿಯಲ್ಲಿ ಮಾರ್ಗನನು ಬಿಲಿಯರ್ಡ್ಸ್ ಆಡುತ್ತಿದ್ದಾಗ ಗಾಜಿನ ಬಾಗಿಲಿನಾಚೆಯಿಂದ ಬಂದ ಗುಂಡಿಗೆ ಬಲಿಯಾದನು. ವಯಟನೊಬ್ಬನು ಎಂಬತ್ತು ವರ್ಷ ಬದುಕಿ 1929ರ ಜನವರಿಯಲ್ಲಿ, ಮೊದಲನೆಯ ಹೆಲ್ಡೊರಾಡೊ ಉತ್ಸವಕ್ಕೆ ಒಂಬತ್ತು ತಿಂಗಳ ಮೊದಲು ತೀರಿಕೊಂಡನು. ಅವನು ಆ ಉತ್ಸವಕ್ಕೆ ಬಂದಿದ್ದರೆ ಯಾವ ಸಾಲಿನಲ್ಲಿ ಕುಳ್ಳಿರಿಸುತ್ತಿದ್ದರೋ!

ಊರ ಹೊರಗಣ ಬೂಟ್‌ಹಿಲ್ ಎಂಬ ರುದ್ರಭೂಮಿಯೂ ನೋಡತಕ್ಕ ಸ್ಥಳಗಳಲ್ಲಿ ಒಂದು. ಹಳೆಯ ಮರದ ಹಲಗೆಗಳು ಬಿಸಿಲಿಗೆ ನಶಿಸಿಹೋಗಿ, ಈಗಿರುವವು ಅನಂತರ ನೆಟ್ಟವು. ಒಬ್ಬನನ್ನು ತಪ್ಪಾಗಿ ಗಲ್ಲಿಗೇರಿಸಿದರೆಂದು ಪ್ರಾಸಬದ್ಧವಾಗಿ ಸಾರುವ ಹಲಗೆಯ ಮುಂದೆ ಜನರು ನಗುತ್ತ ನಿಲ್ಲುವರು. ಮರಣವನ್ನು ಹಾಸ್ಯವಾಗಿಸುವ ಅಭ್ಯಾಸವು ಆ ಊರಿಗೆ ಹೊಸದಲ್ಲ. ಬಿಸ್ಬಿಯ ದರೋಡೆಯಲ್ಲಿ ಸೇರಿದ್ದನೆಂದು ಶಿಕ್ಷೆಗೊಳಗಾದ ಜಾನ್ ಹೀತ್ ಎಂಬುವನನ್ನು ಜನರ ಗುಂಪು ಸೆರೆಮನೆಯಿಂದೆಳೆದು ತಂತಿಕಂಬಕ್ಕೆ ನೇತುಹಾಕಿದಾಗ, ಶವಪರೀಕ್ಷೆಯ ತೀರ್ಪಿನಲ್ಲಿ ಅವನು ಶ್ವಾಸಕೋಶದ ರೋಗದಿಂದ ಸತ್ತನೆಂದೂ, ಅದು ಕೊರಳು ಬಿಗಿದುದರಿಂದ ಉಂಟಾಗಿರಬಹುದೆಂದೂ, ಬಿಗಿದವನು ಅವನೇ ಆಗಿರಬಹುದು ಇಲ್ಲವೆ ಬೇರೆಯಾಗಿರಬಹುದೆಂದೂ ಬರೆದರು. ಈ ಚಾತುರ್ಯವನ್ನು ಓದಿ ನಗದಿರುವುದು ಕಷ್ಟ. ನಕ್ಕಮೇಲೆ ಮೋರೆ ತಗ್ಗಿಸದಿರುವುದೂ ಕಷ್ಟ. ಅದೇ ಗುಡ್ಡದಲ್ಲಿ ಜ್ವರದಿಂದ ಸತ್ತವರು, ಹಸುಳೆಗಳು, ಗಣಿಯಾಳುಗಳು, ಚೀನದಿಂದ ಬಂದ ಶ್ರಮಜೀವಿಗಳು ಮಲಗಿರುವರು. ಅವರ ಮುಂದೆ ಯಾರೂ ಬಹಳ ಹೊತ್ತು ನಿಲ್ಲುವುದಿಲ್ಲ; ಅವರ ಸಾವಿನಲ್ಲಿ ಕಥೆಯಿಲ್ಲ. ನೆಲವನ್ನು ಕಳೆದುಕೊಂಡ ಅಪಾಚೆಗಳ ನಾಯಕನ ಹೆಸರಾದ ಕೊಚೀಸ್ ಎಂಬುದು ಜಿಲ್ಲೆಗೆ ಉಳಿದಿದೆ.

ಇಷ್ಟೆಲ್ಲದರ ನಡುವೆ ಒಂದು ಗುಲಾಬಿಯುಂಟು. 1885ರಲ್ಲಿ, ತವರನ್ನು ನೆನೆದು ಕೊರಗುತ್ತಿದ್ದ ಹೊಸ ಮದುವಣಗಿತ್ತಿಯೊಬ್ಬಳಿಗೆ ಸ್ಕಾಟ್ಲೆಂಡಿನಿಂದ ಅವಳ ಮನೆಯವರು ಗಿಡದ ಕಡ್ಡಿಗಳನ್ನು ಕಳುಹಿಸಿದರು. ಅವಳೂ ವಸತಿಗೃಹವನ್ನು ನಡೆಯಿಸುತ್ತಿದ್ದ ಅವಳ ಗೆಳತಿಯೂ ಕೂಡಿ ಹಿತ್ತಿಲಿನಲ್ಲಿ ಒಂದನ್ನು ನೆಟ್ಟರು. ಆ ಬಿಳಿಯ ಗುಲಾಬಿಯು ಇಂದು ಎಂಟು ಸಾವಿರ ಚದರಡಿಗೂ ಮಿಕ್ಕು ಚಪ್ಪರವಾಗಿ ಹಬ್ಬಿ, ಜಗತ್ತಿನಲ್ಲಿಯೇ ಅತಿ ದೊಡ್ಡದೆಂದು ಎಣಿಸಲ್ಪಟ್ಟಿದೆ. ವಸಂತದ ಹಬ್ಬವು ಅದರದೇ. ಅದನ್ನು ನೋಡಲೂ ಹಣ ತೆರಬೇಕು, ಅದೂ ಊರಿನ ಜೀವನೋಪಾಯವೇ. ಗುಲಾಬಿಯಿದ್ದರೆ ಸಾಕು, ಬಂದೂಕು ಬೇಡ ಎನ್ನುವುದು ಅಂದವಾದ ಮಾತು. ಆದರೆ ನಡೆದ ರಕ್ತಪಾತವನ್ನು ಹೂವಿನಿಂದ ಮುಚ್ಚುವುದೂ ಒಂದು ಬಗೆಯ ಸುಳ್ಳೇ. ಊರಿನವರು ಮೂವರ ಸಾವನ್ನು ಆಡಿ ತೋರಿಸಲಿ; ಆಡಿದಮೇಲೆ ಟೆಕ್ಸಾಸಿನ ವಕೀಲನೂ ಸ್ಪೈಸರನೂ ಕಾಲು ಗಂಟೆ ರಂಗಕ್ಕೆ ಬರಲಿ. ಹೀಗೆ ಮಾಡಿದರೆ ನೋಡಬರುವವರು ಕಡಿಮೆಯಾದಾರೆಂಬ ಅಂಜಿಕೆಯು ಸಹಜ. ಭಾಸನ ನಾಟಕಕ್ಕೂ ಜನರು ಬರುತ್ತಿರುವರಷ್ಟೆ.

ನೆಲ್ಲಿ ಕ್ಯಾಶ್ಮನ್ನಳ ಕಥೆಯು ಅಟ್ಟಣೆಯನ್ನು ಕಡಿಸಿದಲ್ಲಿಗೆ ಮುಗಿಯಲಿಲ್ಲ. ಗಲ್ಲಿಗೇರುವ ಮೊದಲು ಆ ಕೈದಿಗಳು ತಮ್ಮ ದೇಹಗಳನ್ನು ಅಂಗಚ್ಛೇದನದ ಅಭ್ಯಾಸಕ್ಕಾಗಿ ವೈದ್ಯರು ಅಗೆದು ಒಯ್ದಾರೆಂದು ಆಕೆಯೊಡನೆ ಹೇಳಿಕೊಂಡು ಅಂಜಿದ್ದರಂತೆ. ಐವರನ್ನೂ ಬೂಟ್‌ಹಿಲ್ಲಿನಲ್ಲಿ ಹೂಳಿದಮೇಲೆ ಆಕೆಯು ಗಣಿಯಾಳುಗಳಿಬ್ಬರನ್ನು ಗೊತ್ತುಮಾಡಿ, ಹತ್ತು ರಾತ್ರಿಗಳ ಕಾಲ ಆ ಗೋರಿಗಳ ಬಳಿ ಕಾವಲಿರಿಸಿದಳೆಂದು ಹೇಳುತ್ತಾರೆ.