ಲೈಫ್‌ಟೈಮ್ ಅಂದ್ರೆ ಯಾರ ಲೈಫು?

 

ಇಂದಿನ ಚಿಂತನೆಗೆ ಒಂದು ಸಣ್ಣ ವಸ್ತುವನ್ನು ಎತ್ತಿಕೊಂಡಿದ್ದೇನೆ. ಗೇಣಿಗಿಂತ ಚಿಕ್ಕದಾದ ಹಸಿರು ಪಟ್ಟಿ. ಕಂಪ್ಯೂಟರಿನ ಒಳಗೆ ಕೂರುವ ರ‍್ಯಾಮ್. ಕೆಟ್ಟುಹೋಗಿ ಈಗ ನನ್ನ ಮೇಜಿನ ಮೇಲಿದೆ. ಅದರ ಪೊಟ್ಟಣದ ಮೇಲೆ ‘ಲೈಫ್‌ಟೈಮ್ ವಾರಂಟಿ’ ಎಂಬ ಅಕ್ಷರಗಳು ಇನ್ನೂ ಹೊಳೆಯುತ್ತಿವೆ. ಅದನ್ನು ಮಾರಿದ ಕಂಪನಿ ಮಾತ್ರ ಇಲ್ಲ.

ಎರಡೂವರೆ ವರ್ಷದ ಹಿಂದೆ ನಮ್ಮ ಶಿರಾಳಕೊಪ್ಪದ ಒಬ್ಬ ತಾಯಿ ನನ್ನನ್ನು ಹುಡುಕಿಕೊಂಡು ಬಂದರು. ಶುಂಠಿ ಹೊಲಕ್ಕೆ ಕೂಲಿಗೆ ಹೋಗುವವರು. ಮಗಳು ಆಗಷ್ಟೇ ಕಂಪ್ಯೂಟರ್ ಡಿಪ್ಲೊಮಾ ಸೇರಿದ್ದಳು. ಸಂಘದಲ್ಲಿ ಸಾಲ ಎತ್ತಿದ್ದರು. “ಮೇಷ್ಟ್ರೇ, ನಮಗೇನು ಗೊತ್ತಾಗುತ್ತೆ, ನೀವೇ ಬಂದು ಕೊಡಿಸಿ” ಅಂದರು. ಶಿವಮೊಗ್ಗಕ್ಕೆ ಹೋಗಿ ಒಂದು ಅಂಗಡಿಯಲ್ಲಿ ಬಿಡಿಭಾಗ ಜೋಡಿಸಿ ಕಂಪ್ಯೂಟರ್ ಮಾಡಿಸಿದೆವು. ರ‍್ಯಾಮ್ ಆರಿಸುವಾಗ ಅಂಗಡಿಯವರು ಎರಡು ತೋರಿಸಿದರು. ಒಂದಕ್ಕೆ ಮೂರು ವರ್ಷದ ವಾರಂಟಿ. ಇನ್ನೊಂದಕ್ಕೆ ಸ್ವಲ್ಪ ಬೆಲೆ ಹೆಚ್ಚು, ಆದರೆ ಲೈಫ್‌ಟೈಮ್.

ಆ ತಾಯಿ ಕೇಳಿದರು: “ಲೈಫ್‌ಟೈಮ್ ಅಂದ್ರೆ ಯಾರ ಲೈಫು ಮೇಷ್ಟ್ರೇ? ನಂದಾ, ಅದರದ್ದಾ?”

ಅಂಗಡಿಯವರೂ ನಾನೂ ನಕ್ಕೆವು. “ಅದನ್ನೇ ತಗೊಳ್ಳಿ ಅಮ್ಮಾ, ನಾನಿದ್ದೀನಲ್ಲ” ಅಂದೆ. ಅವರು ತಗೊಂಡರು.

ಮೊನ್ನೆ ಮಗಳ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಸಮಯಕ್ಕೆ ಸರಿಯಾಗಿ ಕಂಪ್ಯೂಟರ್ ಕೀಂ ಕೀಂ ಅಂತ ಕೂಗಿ ನಿಂತಿತು. ನಮ್ಮೂರಿನ ರಿಪೇರಿ ಹುಡುಗ ರ‍್ಯಾಮ್ ಕಿತ್ತು, ಅದರ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಮತ್ತೆ ಹಾಕಿ ನೋಡಿದ. ಆಗಲಿಲ್ಲ. ತನ್ನ ಹತ್ತಿರವಿದ್ದ ಬೇರೆಯದನ್ನು ಹಾಕಿದ, ಓಡಿತು. ವಾರಂಟಿ ಇದೆಯಲ್ಲ ಎಂದು ಬಿಲ್ಲು ಹಿಡಿದು ಶಿವಮೊಗ್ಗಕ್ಕೆ ಹೋದೆ. “ಆ ಕಂಪನಿ ಮುಚ್ಚಿಹೋಯ್ತು ಸರ್. ಸರ್ವೀಸ್ ಸೆಂಟರೂ ಇಲ್ಲ, ಡೀಲರೂ ಫೋನ್ ಎತ್ತಲ್ಲ. ನಾವೇನು ಮಾಡೋದು?” ಅಂದರು. ಮೂರು ವರ್ಷದ ವಾರಂಟಿಯ ರ‍್ಯಾಮ್ ಕೊಂಡಿದ್ದರೆ ಇನ್ನೂ ಆರು ತಿಂಗಳು ಬಾಕಿ ಇರುತ್ತಿತ್ತು.

ಬಸ್ಸಿನಲ್ಲಿ ವಾಪಸು ಬರುವಾಗ ಆ ತಾಯಿಯ ಪ್ರಶ್ನೆ ನೆನಪಾಯಿತು. ನಾವು ನಕ್ಕ ಆ ಪ್ರಶ್ನೆಯೇ ಸರಿಯಾದ ಪ್ರಶ್ನೆಯಾಗಿತ್ತು. ವಾರಂಟಿ ಕಾರ್ಡಿನ ಸಣ್ಣ ಅಕ್ಷರಗಳಲ್ಲಿ ‘ಲೈಫ್‌ಟೈಮ್’ ಪದಕ್ಕೆ ಒಂದೊಂದು ಕಂಪನಿ ಒಂದೊಂದು ಅರ್ಥ ಕೊಡುತ್ತದೆ. ಕೆಲವರಿಗೆ ಅದು ಮೊದಲು ಕೊಂಡವರ ಕೈಯಲ್ಲಿ ವಸ್ತು ಇರುವಷ್ಟು ಕಾಲ. ಕೆಲವರಿಗೆ ಆ ಮಾದರಿ ತಯಾರಾಗುವಷ್ಟು ಕಾಲ. ಆದರೆ ಎಲ್ಲ ಅರ್ಥಗಳ ಕೆಳಗೆ, ಬರೆಯದೇ ಬಿಟ್ಟ ಇನ್ನೊಂದು ಆಯುಷ್ಯ ಇರುತ್ತದೆ. ಅದು ಕಂಪನಿಯ ಆಯುಷ್ಯ.

ಇದು ನಮ್ಮೊಬ್ಬರ ಕಥೆಯಲ್ಲ. ಅಮೆರಿಕದಲ್ಲಿ ಬಿಎಫ್‌ಜಿ ಎಂಬ ಕಂಪನಿ ಇತ್ತು. ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡುಗಳನ್ನು ಲೈಫ್‌ಟೈಮ್ ವಾರಂಟಿ ಕೊಟ್ಟು ಮಾರಿ ಹೆಸರು ಮಾಡಿತ್ತು. 2010ರ ಮೇ ತಿಂಗಳಲ್ಲಿ ಗ್ರಾಫಿಕ್ಸ್ ಕಾರ್ಡಿನ ವ್ಯಾಪಾರ ಬಿಡುತ್ತೇವೆ ಎಂದು ಪ್ರಕಟಿಸಿತು. ಅದೇ ಆಗಸ್ಟ್ ಹೊತ್ತಿಗೆ, ಕೆಟ್ಟ ಕಾರ್ಡು ಕಳಿಸಿದವರಿಗೆ ಪತ್ರ ಬರತೊಡಗಿತು: ಕಂಪನಿ ಮುಚ್ಚುತ್ತಿದ್ದೇವೆ, ಬದಲಿ ಕೊಡಲಾಗುವುದಿಲ್ಲ. ಜೀವಮಾನದ ಮಾತು ಕೊಟ್ಟ ಕಂಪನಿ ಹುಟ್ಟಿದ್ದು 2002ರಲ್ಲಿ. ಒಂದು ಮಗು ಮೂರನೇ ತರಗತಿಗೆ ಬರುವಷ್ಟು ಕಾಲ ಬದುಕಿತು, ಅಷ್ಟೆ.

ಹೀಗೇಕಾಗುತ್ತದೆ? ವಾರಂಟಿ ಎನ್ನುವುದು ಪೊಟ್ಟಣದೊಳಗೆ ಇರುವ ವಸ್ತುವಲ್ಲ. ಅದು ಗೋದಾಮಿನಲ್ಲಿ ಉಳಿಸಿಟ್ಟ ಬಿಡಿಭಾಗ, ಸಂಬಳ ಪಡೆಯುವ ರಿಪೇರಿಯವರು, ಫೋನ್ ಎತ್ತುವ ಒಬ್ಬ ಮನುಷ್ಯ. ಹಳೇ ಗಿರಾಕಿಗೆ ಕೊಟ್ಟ ಮಾತನ್ನು ಕಂಪನಿ ಬಹುಮಟ್ಟಿಗೆ ಹೊಸ ಗಿರಾಕಿಯ ದುಡ್ಡಿನಲ್ಲಿ ನಡೆಸುತ್ತಿರುತ್ತದೆ. ಹೊಸ ವ್ಯಾಪಾರ ನಿಂತ ದಿನ ಹಳೇ ಮಾತಿಗೆ ಎಣ್ಣೆ ಮುಗಿಯುತ್ತದೆ. ಆಮೇಲೆ ಕಾನೂನಿನ ಬಾಗಿಲು ತಟ್ಟಿದರೂ ಸಾಲು ಉದ್ದ. ನಮ್ಮ ದೇಶದ 2016ರ ದಿವಾಳಿ ಸಂಹಿತೆಯಲ್ಲಿ, ಮುಚ್ಚಿದ ಕಂಪನಿಯ ಆಸ್ತಿ ಹಂಚುವಾಗ ಮೊದಲು ಆ ಪ್ರಕ್ರಿಯೆಯ ಖರ್ಚು, ನಂತರ ಕಾರ್ಮಿಕರ ಬಾಕಿ ಮತ್ತು ಅಡವಿಟ್ಟು ಕೊಟ್ಟ ಸಾಲ. ಹೀಗೆ ಇಳಿದು ಇಳಿದು, ‘ಉಳಿದ ಸಾಲಗಳು’ ಎಂಬ ಕೊನೆಯ ಭಾಗದಲ್ಲಿ, ಷೇರುದಾರರಿಗಿಂತ ಸ್ವಲ್ಪ ಮುಂದೆ, ಶುಂಠಿ ಹೊಲದ ಆ ತಾಯಿ ನಿಲ್ಲಬೇಕು. ಅಲ್ಲಿಯವರೆಗೆ ಏನೂ ಉಳಿದಿರುವುದು ಕಷ್ಟ.

ಬುದ್ಧಗುರು ತೋರಿಸಿದ ಪಟಿಚ್ಚ ಸಮುಪ್ಪಾದವನ್ನು ನಾವು ಭಾನುವಾರದ ಓದಿನಲ್ಲಿ ಎಷ್ಟು ಸಲ ಚರ್ಚಿಸಿದ್ದೇವೆ. ಕಾರಣಗಳು ಇರುವವರೆಗೆ ಕಾರ್ಯ. ಮಾತು ಕೂಡ ಹಾಗೆಯೇ. ಅದನ್ನು ಹಿಡಿದು ನಿಲ್ಲುವವರು ಇರುವವರೆಗೆ ಮಾತ್ರ ಅದು ಮಾತು. ಪಾಠ ಮಾಡುವ ನನಗೆ ಇದು ಅಂಗಡಿಯ ಮುಂದೆ ಹೊಳೆಯಲಿಲ್ಲ.

ಈಗ ನನ್ನ ಪ್ರಶ್ನೆ: ಮಾತು ಕೊಟ್ಟವನು ಇಲ್ಲವಾದ ಮೇಲೆ ಆ ಮಾತು ಯಾರದು?

ಮೊದಲು ನನಗೆ ನಾನೇ ಹೇಳಿಕೊಂಡೆ, ಇದರಲ್ಲಿ ನನ್ನ ತಪ್ಪಿಲ್ಲ. ನಾನು ಕಮಿಷನ್ ತಿಂದಿಲ್ಲ, ಸುಳ್ಳು ಹೇಳಿಲ್ಲ, ನಂಬಿದ್ದನ್ನೇ ಹೇಳಿದೆ. ನಾಲ್ಕನೇ ಶೀಲಕ್ಕೆ ಭಂಗವಿಲ್ಲ. ಆದರೆ ಮನಸ್ಸು ಒಪ್ಪಲಿಲ್ಲ. ತಿಳಿಯದೆ ಹೇಳಿದ್ದು ಸುಳ್ಳಲ್ಲ, ನಿಜ. ತಿಳಿದವನ ಧಾಟಿಯಲ್ಲಿ ಹೇಳಿದೆನಲ್ಲ, ಅದು? ಆ ಕಾರ್ಡಿನ ಸಣ್ಣ ಅಕ್ಷರಗಳನ್ನು ನಾನು ಓದಿರಲಿಲ್ಲ. ಆ ತಾಯಿಗೆ ಓದಲು ಬರುತ್ತಿರಲಿಲ್ಲ. ಅವರು ದುಡ್ಡು ಕೊಟ್ಟದ್ದು ಕಂಪನಿಯ ಮಾತಿಗಲ್ಲ, ನನ್ನ “ನಾನಿದ್ದೀನಲ್ಲ” ಎಂಬ ಮಾತಿಗೆ.

ಇದಕ್ಕೆ ನಮ್ಮ ಬಳಗದ ಒಬ್ಬ ಹಿರಿಯರು ಒಳ್ಳೆಯ ಆಕ್ಷೇಪ ಎತ್ತಿದರು. “ಹೀಗೆ ಸಲಹೆ ಕೊಟ್ಟವರೆಲ್ಲ ದಂಡ ಕಟ್ಟಬೇಕು ಅಂದರೆ ನಾಳೆ ಯಾರೂ ಯಾರ ಜೊತೆಗೂ ಅಂಗಡಿಗೆ ಹೋಗಲ್ಲ. ಓದು ಬಾರದವರು ಇನ್ನೂ ಒಂಟಿಯಾಗ್ತಾರೆ.” ಅವರ ಮಾತು ಸರಿ. ಕಂಪನಿಯ ಸಾಲ ನನ್ನ ಸಾಲವಲ್ಲ. ಆದರೆ ನನ್ನ ಮಾತಿನಷ್ಟು ಸಾಲ ನನ್ನದು. ಅಂಗಡಿಯವರಿಗೂ ಇದೇ ಲೆಕ್ಕ. ಪೊಟ್ಟಣದ ಮೇಲಿನ ಕಂಪನಿಯ ವಾರಂಟಿ ಬೇರೆ, ಅಂಗಡಿಯವರು ತಾವೇ ಕೊಟ್ಟ ವಾರಂಟಿ ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಇವೆರಡನ್ನು ಬೇರೆಯಾಗಿಯೇ ಎಣಿಸುತ್ತದೆ. ಹಾಗಾಗಿ ಅಂಗಡಿಯವರು ಬಾಯಲ್ಲಿ ಹೇಳಿದ್ದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ತಕರಾರು ಬಂದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ನಮ್ಮೂರಿನ ಪಕ್ಕದಲ್ಲೇ ಇದಕ್ಕಿಂತ ಹಳೆಯ ಲೈಫ್‌ಟೈಮ್ ವಾರಂಟಿಗಳಿವೆ. ಬಳ್ಳಿಗಾವಿಯ ಶಾಸನಗಳನ್ನು ನೋಡಿ. 11ನೇ ಶತಮಾನದಲ್ಲಿ, ಚಾಲುಕ್ಯ ಆಹವಮಲ್ಲ ಸೋಮೇಶ್ವರನ ಕಾಲದಲ್ಲಿ, ರೂಪಭಟ್ಟಯ್ಯ ಎಂಬ ಅಧಿಕಾರಿ ಅಲ್ಲಿ ಜಯಂತಿ ಬೌದ್ಧ ವಿಹಾರ ಕಟ್ಟಿಸಿದ. ಅದು ನಡೆಯಲೆಂದು ದಾನವೂ ಆಯಿತು. ಆ ಕಾಲದ ದಾನಶಾಸನಗಳು ಕೊಡುತ್ತಿದ್ದ ಗ್ಯಾರಂಟಿಯ ಪದ ‘ಆಚಂದ್ರಾರ್ಕ’. ಚಂದ್ರ ಸೂರ್ಯರು ಇರುವವರೆಗೆ. ಚಂದ್ರ ಇದ್ದಾನೆ, ಸೂರ್ಯ ಇದ್ದಾನೆ. ಭಿಕ್ಷುಗಳಿದ್ದ ಆ ವಿಹಾರ ಇಂದು ಇಲ್ಲ. ಕಲ್ಲು ಉಳಿಯಿತು, ಕಾಯುವವರು ಉಳಿಯಲಿಲ್ಲ.

ಆದರೆ ಆ ಶಾಸನ ಬರೆಸಿದವರು ಮುಗ್ಧರಲ್ಲ. ತಾವು ಸಾಯುತ್ತೇವೆಂದು ಅವರಿಗೆ ಗೊತ್ತಿತ್ತು. ಅದಕ್ಕೇ ಅನೇಕ ದಾನಶಾಸನಗಳ ಕೊನೆಗೆ ಒಂದು ವಿಚಾರ ಬರುತ್ತದೆ: ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಯುವುದು ದೊಡ್ಡದು. ಎಂ.ಎ.ಯಲ್ಲಿ ಇದನ್ನು ಶಾಸನದ ಸಿದ್ಧ ಸೂತ್ರ ಎಂದು ಓದಿ ಅಂಕ ಪಡೆದಿದ್ದೆ. ಅರ್ಥವಾದದ್ದು ಈ ಸತ್ತ ರ‍್ಯಾಮ್ ಕೈಗೆ ಬಂದ ಮೇಲೆ. ಮಾತಿನ ಆಯುಷ್ಯ ಕೊಟ್ಟವನ ಆಯುಷ್ಯವಲ್ಲ, ಕಾಯುವವರ ಆಯುಷ್ಯ.

ನಮಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ದೀಕ್ಷೆ ಪಡೆದು, ಲಕ್ಷಾಂತರ ಜನರಿಗೆ 22 ಪ್ರತಿಜ್ಞೆಗಳನ್ನು ಬೋಧಿಸಿದರು. ಅದಾಗಿ 53 ದಿನಕ್ಕೆ, ಡಿಸೆಂಬರ್ 6ರಂದು, ಅವರು ನಮ್ಮೊಂದಿಗಿರಲಿಲ್ಲ. ಪ್ರತಿಜ್ಞೆಗಳು ಅಂದೇ ರದ್ದಾದವೇ? ಇಲ್ಲ. ಏಕೆಂದರೆ ಅವು ಬಾಬಾಸಾಹೇಬರು ನಮಗೆ ಕೊಟ್ಟ ವಾರಂಟಿಯಾಗಿರಲಿಲ್ಲ. ನಮ್ಮ ಹಿರಿಯರು ತಮ್ಮ ಬಾಯಿಂದ ತಾವೇ ಹೇಳಿದ ಮಾತಾಗಿದ್ದವು. ಅವರು ಕಾದರು, ಈಗ ಸರದಿ ನಮ್ಮದು.

ಆ ತಾಯಿಯ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. “ಅವತ್ತು ನೀವು ಕೇಳಿದಾಗ ನಾನು ನಗಬಾರದಿತ್ತು” ಅಂದೆ. ಹೊಸ ರ‍್ಯಾಮ್ ನಾನೇ ಕೊಡಿಸುತ್ತೇನೆ ಎಂದರೆ ಅವರು ಒಪ್ಪಲಿಲ್ಲ. “ಅರ್ಧ ನಾನು ಕೊಡ್ತೀನಿ ಮೇಷ್ಟ್ರೇ. ತಗೊಂಡೋಳು ನಾನಲ್ವಾ?” ಅಂದರು. ಹಾಗೇ ಆಯಿತು. ಈ ಸಲ ತಂದದ್ದು ಮೂರು ವರ್ಷದ್ದು. ಮಗಳು ಕಾರ್ಡನ್ನು ಜೋರಾಗಿ ಓದಿ ಅಮ್ಮನಿಗೆ ಅರ್ಥ ಹೇಳಿದ ಮೇಲೆಯೇ ಪೊಟ್ಟಣ ಒಡೆದೆವು. ಪ್ರಾಜೆಕ್ಟ್ ಮುಂದುವರಿದಿದೆ.

ಇಂದು ಮಲಗುವ ಮುನ್ನ ಒಂದು ನಿಮಿಷ ಯೋಚಿಸೋಣ. ನಾವು ಯಾರಿಗೆಲ್ಲ “ನಾನಿದ್ದೀನಲ್ಲ” ಎಂದಿದ್ದೇವೆ? ಅದರಲ್ಲಿ ಯಾವ ಮಾತು ಇನ್ನೂ ನಮಗಾಗಿ ಕಾಯುತ್ತಿದೆ?

ಎಲ್ಲರಿಗೂ ಮಂಗಲವಾಗಲಿ. ಜೈ ಭೀಮ್.