ವಿಳಾಸ ಬದಲಾದಾಗ

ಮನೆ ಬದಲಾಯಿಸುವುದು ಎಂಥ ತಾಪತ್ರಯದ ಕೆಲಸವೆಂಬುದು ಬಾಡಿಗೆ ಮನೆಗಳಲ್ಲಿ ಬಾಳಿದವರಿಗೆಲ್ಲ ಗೊತ್ತು. ನಾನು ಮಾಡಿದ್ದಾದರೋ ತೀರ ಚಿಕ್ಕ ಬದಲಾವಣೆ. ಷಿಕಾಗೋ ನಗರದಲ್ಲಿ ಕೆಲಸದಲ್ಲಿದ್ದ ಕಾಲ. ಎರಡನೆಯ ಮಹಡಿಯ ಕತ್ತಲೆ ಮನೆಯನ್ನು ಬಿಟ್ಟು ಅದೇ ಕಟ್ಟಡದ ಮೂರನೆಯ ಮಹಡಿಗೆ ಹೋದೆ. ಅಲ್ಲಿ ಚಳಿಗಾಲದಲ್ಲಿಯೂ ಬೆಳಗಿನ ಹೊತ್ತು ಒಂದು ಗಳಿಗೆ ಬಿಸಿಲು ಬೀಳುತ್ತಿತ್ತು. ಹಾಸಿಗೆ, ಪಾತ್ರೆ, ಪುಸ್ತಕ ಎಲ್ಲವನ್ನೂ ಹದಿನೆಂಟು ಮೆಟ್ಟಿಲು ಹತ್ತಿಸಿದ್ದಾಯಿತು. ಬೀದಿ ಅದೇ, ಕಟ್ಟಡದ ನಂಬರು ಅದೇ. ಮನೆಯ ನಂಬರಿನಲ್ಲಿ ಮಾತ್ರ ಒಂದು ಅಂಕಿ ವ್ಯತ್ಯಾಸ.

ಆ ಒಂದು ಅಂಕಿಯನ್ನು ಅಂಚೆಯವರಿಗೆ ತಿಳಿಸಿದೆ. ಬ್ಯಾಂಕಿಗೆ, ವಿದ್ಯುತ್ತಿನ ಕಂಪನಿಗೆ, ನಾನು ಚಂದಾದಾರನಾಗಿದ್ದ ಪತ್ರಿಕೆಗೆ ತಿಳಿಸಿದೆ. ಮೈಸೂರಿನಲ್ಲಿದ್ದ ಅಮ್ಮನಿಗೆ ಆ ರಾತ್ರಿಯೇ ಫೋನು ಮಾಡಿ ಹೇಳಿದೆ. ಅವಳು ಬರೆದುಕೊಂಡು, ಒಂದೊಂದೇ ಅಕ್ಷರ ಓದಿ, “ಸರಿಯಾಗಿದೆಯೇನೋ?” ಎಂದು ಕೇಳಿ ಖಚಿತ ಮಾಡಿಕೊಂಡಳು. ನಾನು ಮರೆತದ್ದು ಒಬ್ಬರನ್ನು ಮಾತ್ರ: ತನ್ನ ನೆಲದಲ್ಲಿರಲು ನನಗೆ ಅಪ್ಪಣೆ ಕೊಟ್ಟಿದ್ದ ಸರ್ಕಾರವನ್ನು.

ಅಮೆರಿಕದಲ್ಲಿ ನೆಲಸಿದ ಪರದೇಶದವನು ಮನೆ ಬದಲಾಯಿಸಿದ ಹತ್ತು ದಿನಗಳೊಳಗೆ ವಲಸೆ ಇಲಾಖೆಗೆ ಹೊಸ ವಿಳಾಸವನ್ನು ತಿಳಿಸಬೇಕು. ಈ ಕಟ್ಟಳೆಯ ಬೇರು ೧೯೪೦ರ ಪರದೇಶೀಯರ ನೋಂದಣಿ ಕಾಯಿದೆಯಲ್ಲಿದೆ. ಯುದ್ಧದ ಭಯ ಕವಿದಿದ್ದಾಗ ಹುಟ್ಟಿದ ಕಾಯಿದೆ ಅದು. ೧೯೫೨ರ ವಲಸೆ ಕಾಯಿದೆ ಅದನ್ನು ಮುಂದುವರಿಸಿತು. ೧೯೮೧ರವರೆಗೆ, ಇದ್ದಲ್ಲೇ ಇದ್ದವನು ಕೂಡ ಪ್ರತಿ ಜನವರಿಯಲ್ಲಿ “ಇಲ್ಲೇ ಇದ್ದೇನೆ” ಎಂದು ವರದಿ ಒಪ್ಪಿಸಬೇಕಾಗಿತ್ತು. ಈಗ ಅದಿಲ್ಲ, ವಿಳಾಸ ಬದಲಾದಾಗ ಏ.ಆರ್. ೧೧ ಎಂಬ ನಮೂನೆಯನ್ನು ತುಂಬಿ ಕಳಿಸಿದರೆ ಸಾಕು. ಶುಲ್ಕವೂ ಇಲ್ಲ. ಆದರೆ ತಪ್ಪಿದವನಿಗೆ ಕಾಯಿದೆ ವಿಧಿಸಿರುವ ಶಿಕ್ಷೆ ೨೦೦ ಡಾಲರಿನವರೆಗೆ ದಂಡ, ಇಲ್ಲವೆ ೩೦ ದಿನದವರೆಗೆ ಸೆರೆ, ಇಲ್ಲವೆ ಎರಡೂ. ಸಾಲದೆಂದರೆ ದೇಶದಿಂದ ಹೊರಗೂ ಹಾಕಬಹುದು. ತಪ್ಪಿಗೆ ತಕ್ಕ ಕಾರಣವಿತ್ತು ಅಥವಾ ಅದು ಬೇಕೆಂದು ಮಾಡಿದ್ದಲ್ಲ ಎಂದು ತೋರಿಸಿಕೊಟ್ಟವನಿಗೆ ಮಾತ್ರ ವಿನಾಯಿತಿ. ಪರಸ್ಥಳದವರನ್ನು ಹೀಗೆ ಕೇಳುವುದು ಅಮೆರಿಕದ ಒಂದರ ಪದ್ಧತಿಯಲ್ಲ. ನಮ್ಮಲ್ಲಿಯೂ ಪರದೇಶೀಯರ ನೋಂದಣಿಗೆ ೧೯೩೯ರ ಕಾಯಿದೆಯಿತ್ತು. ೨೦೨೫ರಲ್ಲಿ ಅದರ ಜಾಗಕ್ಕೆ ಹೊಸದು ಬಂದಿದೆ.

ನನಗೆ ಇದು ನೆನಪಾದದ್ದು ಎಂಟು ತಿಂಗಳ ಮೇಲೆ, ಯಾವುದೋ ಕಾಗದ ಹುಡುಕುತ್ತಿದ್ದಾಗ. ಎದೆ ಧಸಕ್ಕೆಂದಿತು. ಅದೇ ಊರಿನಲ್ಲಿದ್ದ ಉಡುಪಿಯ ಕಡೆಯ ಮಿತ್ರರೊಬ್ಬರ ಹತ್ತಿರ ಹೋಗಿ ಹೇಳಿಕೊಂಡೆ. ಅವರು ಜೋರಾಗಿ ನಕ್ಕುಬಿಟ್ಟರು.

“ಎಂಥದು ಮಾರಾಯ್ರೇ! ಎಂಟು ತಿಂಗಳು ಯಾರೂ ಕೇಳಲಿಲ್ಲ, ಇನ್ನು ಯಾರು ಕೇಳುತ್ತಾರೆ? ಈಗ ಕಳಿಸಿದರೆ ನೀವೇ ನಿಮ್ಮ ತಪ್ಪಿಗೆ ಸಾಕ್ಷಿ ಬರೆದುಕೊಟ್ಟ ಹಾಗೆ. ಸುಮ್ಮನಿರಿ.”

ಅವರ ಮಾತಿಗೆ ಆಧಾರವಿಲ್ಲದೆ ಇರಲಿಲ್ಲ. ೨೦೦೧ರ ಸೆಪ್ಟೆಂಬರಿನ ದುರಂತದ ಮರುವರ್ಷ ಆ ಸರ್ಕಾರ ಈ ಹಳೆಯ ಕಟ್ಟಳೆಯನ್ನು ಬಿಗಿಯಾಗಿ ಜಾರಿಗೆ ತರುವುದಾಗಿ ಸಾರಿತು. ಆಗ ಪತ್ರಿಕೆಗಳಲ್ಲಿ ಒಂದು ಸಂಗತಿ ಹೊರಬಿತ್ತು: ಜನ ನಿಯಮದಂತೆ ಕಳಿಸಿದ್ದ ಸುಮಾರು ೨ ಲಕ್ಷ ವಿಳಾಸದ ನಮೂನೆಗಳು ಯಾರ ಕಣ್ಣಿಗೂ ಬೀಳದೆ ಕಾನ್ಸಾಸ್ ಸಿಟಿಯ ಬಳಿ, ನೆಲದಡಿಯ ಪಾಳುಗಣಿಯೊಂದರ ಉಗ್ರಾಣದಲ್ಲಿ ಪೆಟ್ಟಿಗೆ ಪೆಟ್ಟಿಗೆಯಾಗಿ ಬಿದ್ದಿದ್ದವು! ಓದದವನಿಗೆ ಕಾಗದ ಬರೆಯದಿದ್ದರೆ ತಪ್ಪೇನು?

ಮನೆಗೆ ಬಂದು ಇದನ್ನೇ ಯೋಚಿಸಿದೆ. ಕಾಯಿದೆಯಲ್ಲಿದ್ದ “ಬೇಕೆಂದು ಮಾಡಿದ್ದಲ್ಲ” ಎಂಬ ಮಾತು ಮನಸ್ಸಿನಲ್ಲಿ ಕೊರೆಯತೊಡಗಿತು. ಎಂಟು ತಿಂಗಳು ನಾನು ಮರೆತಿದ್ದೆ, ನಿಜ, ಮರೆವಿಗೆ ಕ್ಷಮೆಯುಂಟು. ಆದರೆ ನೆನಪಾದ ಗಳಿಗೆಯಿಂದ ಅದು ಮರೆವಲ್ಲ. ನಿನ್ನೆಯವರೆಗೆ ಮೈಮರೆತವನಾಗಿದ್ದ ನಾನು ಇಂದು ಸುಮ್ಮನಿದ್ದರೆ ಬಚ್ಚಿಡುವವನಾಗುತ್ತೇನೆ. ಹೊರಗೆ ನೋಡುವವರಿಗೆ ಎರಡೂ ಒಂದೇ ಮೌನ. ಒಳಗಿರುವವನಿಗೆ ಅವು ಬೇರೆ ಬೇರೆ. ಆ ದೇಶದಲ್ಲಿ ಪೌರತ್ವಕ್ಕೆ ಅರ್ಜಿ ಹಾಕುವವನನ್ನು, ಬಂಧನವಾಗದೆ ಉಳಿದ ಅಪರಾಧವನ್ನೇನಾದರೂ ಮಾಡಿದ್ದೀಯಾ ಎಂದೂ ಕೇಳುತ್ತಾರೆ. ಉತ್ತರ ಗೊತ್ತಿರುವುದು ಉತ್ತರಿಸುವವನೊಬ್ಬನಿಗೇ! ಮೊದಲು ಓದಿದಾಗ ನನಗೂ ನಗು ಬಂದಿತ್ತು. ಈಗ ನಗು ಬರಲಿಲ್ಲ.

ಮರುದಿನ ಇದನ್ನು ಮಿತ್ರರಿಗೆ ಹೇಳಿದೆ. ಈ ಸಲ ಅವರು ನಗಲಿಲ್ಲ.

“ನಿಮ್ಮ ಸತ್ಯ ಸರಿ. ಅದನ್ನು ಯಾರ ಕೈಗೆ ಕೊಡುತ್ತೀರಿ ಅಂತ ನೋಡಬೇಡವಾ? ಕೌಶಿಕನ ಕತೆ ಮರೆತಿರಾ?” ಎಂದರು.

ಮರೆತಿರಲಿಲ್ಲ. ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಹೇಳುವ ಕತೆ ಅದು. ಸುಳ್ಳಾಡೆನೆಂದು ವ್ರತ ತೊಟ್ಟಿದ್ದ ಕೌಶಿಕನೆಂಬ ಬ್ರಾಹ್ಮಣ, ಬೆನ್ನಟ್ಟಿ ಬಂದ ಕಳ್ಳರಿಗೆ ಜನ ಅಡಗಿದ್ದ ಜಾಗವನ್ನು ಇದ್ದದ್ದಿದ್ದಂತೆ ಹೇಳಿದ. ಕಳ್ಳರು ಅವರನ್ನು ಕೊಂದರು. ಕೌಶಿಕ ನರಕಕ್ಕೆ ಹೋದ. ಅವನು ಕೊಟ್ಟದ್ದೂ ವಿಳಾಸವೇ ಅಲ್ಲವೆ? ಕತೆ ಹಾಗಿರಲಿ. ೧೯೪೨ರಲ್ಲಿ ಅಮೆರಿಕ ತನ್ನ ಪಶ್ಚಿಮ ತೀರದಲ್ಲಿದ್ದ ಜಪಾನೀ ಮೂಲದ ಸುಮಾರು ೧,೨೦,೦೦೦ ಜನರನ್ನು ಮನೆ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಿತು. ಅವರಲ್ಲಿ ಮೂರನೆಯ ಎರಡು ಪಾಲು ಜನ ಆ ದೇಶದ ಪ್ರಜೆಗಳೇ. ಯಾವ ಪ್ರದೇಶದಲ್ಲಿ ಎಷ್ಟು ಜನ ಇದ್ದಾರೆಂದು ಗುರುತಿಸಲು ಜನಗಣತಿಯ ಅಂಕಿಗಳು ನೆರವಾದವು. ಬಾಗಿಲಿಗೆ ಬಂದ ಗಣತಿದಾರನಿಗೆ ನಂಬಿ ಹೇಳಿದ ನಿಜ ಎರಡು ವರ್ಷದಲ್ಲಿ ಬೇರೆ ಕೆಲಸಕ್ಕೆ ಒದಗಿತು. ೨೦೨೫ರಲ್ಲಿ ಅದೇ ೧೯೪೦ರ ನೋಂದಣಿಯ ಪದ್ಧತಿಗೆ ಮತ್ತೆ ಜೀವ ಬಂದಿರುವುದನ್ನು ಕಂಡಾಗ ಮಿತ್ರರ ಮಾತು ನನಗೆ ಇನ್ನಷ್ಟು ಭಾರವಾಗಿ ಕೇಳಿಸುತ್ತದೆ.

ಹಾಗಾದರೆ ಅಡಗಿಕೊಳ್ಳುವುದೇ ಸರಿಯೆ? ಇಲ್ಲಿ ನನಗೆ ದಾರಿ ತೋರಿದ್ದು ದಕ್ಷಿಣ ಆಫ್ರಿಕದ ಸಂಗತಿ. ಟ್ರಾನ್ಸ್‌ವಾಲಿನ ಭಾರತೀಯರು ಬೆರಳೊತ್ತಿ ಹೆಸರು ನೋಂದಾಯಿಸಬೇಕೆಂಬ ಕಾಯಿದೆಯನ್ನು ಗಾಂಧೀಜಿ ವಿರೋಧಿಸಿ ಸೆರೆಮನೆಗೆ ಹೋದರು. ಆಮೇಲೆ, ಜನ ತಾವಾಗಿಯೇ ನೋಂದಾಯಿಸಿಕೊಂಡರೆ ಕಾಯಿದೆಯನ್ನು ತೆಗೆಯುತ್ತಾರೆಂದು ನಂಬಿ ಜನರಲ್ ಸ್ಮಟ್ಸ್‌ರೊಂದಿಗೆ ಒಪ್ಪಂದಕ್ಕೆ ಬಂದರು. ೧೯೦೮ರ ಫೆಬ್ರವರಿ ೧೦ರಂದು ನೋಂದಣಿಗೆಂದು ಹೊರಟಾಗ ಅವರ ಕಡೆಯವನೇ ಆದ ಮೀರ್ ಆಲಂ ಎಂಬಾತ ಅವರನ್ನು ಹೊಡೆದು ಕೆಡವಿದ. ಅವರು ಹಾಸಿಗೆಯಲ್ಲಿ ಮಲಗಿದ್ದುಕೊಂಡೇ ಬೆರಳೊತ್ತಿದರು. ಕಾಯಿದೆ ರದ್ದಾಗಲಿಲ್ಲ. ಆಗ, ಆಗಸ್ಟ್ ೧೬ರಂದು, ಜೋಹಾನ್ಸ್‌ಬರ್ಗಿನ ಹಮೀದಿಯಾ ಮಸೀದಿಯ ಅಂಗಳದಲ್ಲಿ ಎರಡು ಸಾವಿರಕ್ಕೂ ಹೆಚ್ಚು ನೋಂದಣಿ ಪತ್ರಗಳನ್ನು ಎಲ್ಲರೆದುರಿಗೆ ಸುಟ್ಟರು.

ಬೆರಳೊತ್ತಿದವರೂ ಅವರೇ, ಸುಟ್ಟವರೂ ಅವರೇ. ಎರಡು ಸಲವೂ ಮಾಡಿದ್ದು ಹಗಲು ಬೆಳಕಿನಲ್ಲಿ. ನಂಬಿಕೆಯಿಟ್ಟಾಗ ತಾವಾಗಿ ಕೊಟ್ಟರು. ನಂಬಿಕೆ ಮುರಿದಾಗ “ಕೊಡುವುದಿಲ್ಲ” ಎಂದು ಹೇಳಿಯೇ ನಿರಾಕರಿಸಿದರು. ಮೂರನೆಯದೊಂದು ದಾರಿಯೂ ಇತ್ತು: ಕೊಟ್ಟಂತೆಯೂ ಅಲ್ಲ, ನಿರಾಕರಿಸಿದಂತೆಯೂ ಅಲ್ಲ, ಯಾರೂ ಕೇಳಲಾರರೆಂದು ಮೂಲೆಯಲ್ಲಿ ಕೂತಿರುವುದು. ನನ್ನ ಮಿತ್ರರು ತೋರಿದ್ದು ಅದನ್ನು. ಕಾಯಿದೆ ಅನ್ಯಾಯವೆಂದು ನನಗೆ ಅನ್ನಿಸಿದ್ದರೆ ಹಾಗೆಂದು ಹೇಳಬೇಕಾಗಿತ್ತು. ನನಗೆ ಅನ್ನಿಸಿದ್ದು ಸೋಮಾರಿತನ ಮತ್ತು ಭಯ. ಇವಕ್ಕೆ ಕೌಶಿಕನ ಕತೆಯ ಹೊದಿಕೆ ಹೊದಿಸುವುದು ಸರಿಯಲ್ಲ. ಕೌಶಿಕನ ಮುಂದೆ ನಿಂತವರ ಕೈಯಲ್ಲಿ ಕತ್ತಿ ಇತ್ತು. ನನ್ನ ಮುಂದೆ ಇದ್ದದ್ದು ಒಂದು ನಮೂನೆ. ನಾಳೆ ಅದು ಕತ್ತಿಯಾಗಬಹುದೆಂಬ ಶಂಕೆಯನ್ನು ಇಂದಿನ ನನ್ನ ಮೌನಕ್ಕೆ ಅಡವಿಡಲಾರೆ.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನನಗೆ ನೌಕರಿಯಿತ್ತು, ಕ್ರಮವಾದ ಅನುಮತಿಯಿತ್ತು. ನಿಜ ಹೇಳಿದರೆ ಹೆಚ್ಚೆಂದರೆ ಒಂದಷ್ಟು ದಂಡ. ಅನುಮತಿಯ ಗಡುವು ಮುಗಿದು, ಹೆಂಡತಿ ಮಕ್ಕಳೊಡನೆ ರಾತ್ರಿ ಬಾಗಿಲು ಬಡಿದ ಸದ್ದಿಗೆ ಬೆಚ್ಚುವವನು ಏನು ಮಾಡಬೇಕು? ನನ್ನ ತೀರ್ಮಾನವನ್ನು ಅವನ ತಲೆಗೆ ಕಟ್ಟಲು ನಾನು ಯಾರು? ಸತ್ಯ ಹೇಳುವುದಕ್ಕೆ ತಗಲುವ ವೆಚ್ಚ ಎಲ್ಲರಿಗೂ ಒಂದೇ ಅಲ್ಲ. ಅಗ್ಗವಾಗಿ ಸಿಕ್ಕುವವನಿಗೆ ಅದನ್ನು ಕೊಳ್ಳದಿರಲು ನೆಪವಿಲ್ಲ. ಅಷ್ಟು ಮಾತ್ರ ನಾನು ಹೇಳಬಲ್ಲೆ.

ಅಂದು ರಾತ್ರಿ ನಮೂನೆ ತುಂಬಿದೆ. ಮನೆ ಬದಲಾಯಿಸಿ ಎಂಟು ತಿಂಗಳಾಯಿತೆಂದೂ, ಮರೆತಿದ್ದೆನೆಂದೂ ಒಂದು ಚೀಟಿ ಬರೆದು ರುಜು ಹಾಕಿ ಜೊತೆಗಿಟ್ಟೆ. ಅಂಚೆ ಪೆಟ್ಟಿಗೆಯೊಳಕ್ಕೆ ಅದು ಜಾರಿದಾಗ ನಾನೇನೋ ದೊಡ್ಡ ಕೆಲಸ ಮಾಡಿದೆನೆಂಬ ಹೆಮ್ಮೆ ಹುಟ್ಟಿತು. ಎಂಟು ತಿಂಗಳು ತಡವಾದದ್ದು ನೆನಪಾಗಿ ಅದು ಅಲ್ಲೇ ಅಡಗಿತು. ದಂಡ ಬರಲಿಲ್ಲ, ಉತ್ತರವೂ ಬರಲಿಲ್ಲ. ನನ್ನ ಚೀಟಿಯನ್ನು ಯಾರಾದರೂ ಓದಿದರೋ, ಅದೂ ಯಾವುದಾದರೊಂದು ಗಣಿಯನ್ನು ಸೇರಿತೋ!

ಅಮ್ಮನಿಗೆ ಇದನ್ನೆಲ್ಲ ಹೇಳಿದಾಗ ಅವಳಿಗೆ ಅರ್ಥವಾಗದೆ ಹೋದದ್ದು ಒಂದೇ: “ಇರೋ ಜಾಗ ಹೇಳೋದಕ್ಕೆ ಇಷ್ಟು ಯೋಚನೆ ಯಾಕೋ?” ಎಂದಳು. ಅವಳೂ ಸರ್ಕಾರವೂ ಕೇಳಿದ ಪ್ರಶ್ನೆ ಒಂದೇ, ಎಲ್ಲಿದ್ದೀಯೆ ಎಂದು. ಅವಳು ಕೇಳಿದ್ದು ನಾನು ಅವಳಿಗೆ ಬೇಕಾಗಿದ್ದರಿಂದ. ಸರ್ಕಾರ ಕೇಳಿದ್ದು ನಾನು ಯಾರೆಂದು ಅದಕ್ಕೆ ಗೊತ್ತಿಲ್ಲದ್ದರಿಂದ. ಒಬ್ಬಳಿಗೆ ಆ ರಾತ್ರಿಯೇ ಹೇಳಿದೆ, ಇನ್ನೊಬ್ಬರಿಗೆ ಎಂಟು ತಿಂಗಳ ಮೇಲೆ. ಆ ಅಂತರಕ್ಕೆ ಕಾರಣ ಪೂರ್ತಿ ನನ್ನ ಮರೆವೇ ಎಂದು ಹೇಳಲು ಈಗಲೂ ನನಗೆ ಧೈರ್ಯವಿಲ್ಲ.

ಊರಿಗೆ ಹಿಂದಿರುಗಿ ಕೆಲವು ವರ್ಷಗಳಾದವು. ಅಮ್ಮನ ಹಳೆಯ ಡೈರಿಯಲ್ಲಿ ನನ್ನ ಎರಡು ವಿಳಾಸಗಳೂ ಇನ್ನೂ ಇವೆ. ಮೊದಲನೆಯದರ ಮೇಲೆ ಒಂದು ಗೀಟು, ಪಕ್ಕದಲ್ಲಿ ನಾನು ಮಹಡಿ ಹತ್ತಿದ ದಿನದ ತಾರೀಖು.