ಇಂದಿನ ಧಮ್ಮ ಚಿಂತನೆ: ಉಪೇಕ್ಖಾ ಎಂದರೆ ಕೈಬಿಡುವುದಲ್ಲ

 

ಕನ್ನಡದಲ್ಲಿ ‘ಉಪೇಕ್ಷೆ’ ಎಂದರೆ ಕಡೆಗಣಿಸುವುದು. ಪಾಲಿಯ ‘ಉಪೇಕ್ಖಾ’ ಅದೇ ಮೂಲದ ಪದವಾದರೂ ಅರ್ಥ ಬೇರೆ: ಸಮಚಿತ್ತದಿಂದ ನೋಡುವುದು. ಮೆತ್ತಾ, ಕರುಣಾ, ಮುದಿತಾ ಆದ ಮೇಲೆ ಬರುವ ನಾಲ್ಕನೆಯ ಬ್ರಹ್ಮವಿಹಾರ ಇದು.

ಇದನ್ನು ನಾನು ಚದುರಂಗದ ಮಣೆಯ ಮೇಲೆ ಕಂಡೆ. ಭಾನುವಾರ ಕ್ಲಬ್ಬಿನಲ್ಲಿ ಬಿಳಿ ಕಾಯಿ ಹಿಡಿದು ‘ಇಂಗ್ಲಿಷ್ ಓಪನಿಂಗ್’ ಆಡಿದೆ. ಹೆಚ್ಚಿನವರು ರಾಜನ ಅಥವಾ ಮಂತ್ರಿಯ ಮುಂದಿನ ಕಾಲಾಳನ್ನು ತಳ್ಳಿ ಮೊದಲೇ ಮಧ್ಯದ ಮನೆ ಹಿಡಿಯುತ್ತಾರೆ. ಇದರಲ್ಲಿ ಹಾಗಲ್ಲ. ಮಂತ್ರಿಯ ಪಕ್ಕದ ಒಂಟೆಯ ಮುಂದಿನ ಕಾಲಾಳು ಎರಡು ಮನೆ ನಡೆಯುತ್ತದೆ, ಕುದುರೆ ಹೊರಗೆ ಬರುತ್ತದೆ, ಇನ್ನೊಂದು ಒಂಟೆ ಅಂಚಿನ ಬಳಿ ಓರೆ ದಾರಿಯಲ್ಲಿ ಕೂರುತ್ತದೆ. ಮೂರೂ ಮಧ್ಯದ ಒಂದೇ ಮನೆಯ ಮೇಲೆ ಕಣ್ಣಿಟ್ಟಿರುತ್ತವೆ. ಯಾವುದೂ ಅಲ್ಲಿ ಹೋಗಿ ಕೂರುವುದಿಲ್ಲ.

ಎದುರಾಳಿ ಕಾಲಾಳುಗಳಿಂದ ಮಧ್ಯವನ್ನು ತುಂಬಿದರು. ಅವನ್ನು ಕಾಯುವುದರಲ್ಲೇ ಅವರ ಕುದುರೆ, ಮಂತ್ರಿ ಎರಡೂ ಕಟ್ಟುಬಿದ್ದವು. ಹಾಗಂತ ನಾನು ದೂರದಿಂದ ನೋಡುತ್ತಲೇ ಕುಳಿತಿದ್ದರೆ ಆ ಕಾಲಾಳುಗಳು ಮುಂದೆ ಬಂದು ನನ್ನ ಉಸಿರು ಕಟ್ಟಿಸುತ್ತಿದ್ದವು. ಸಮಯ ನೋಡಿ ಪಕ್ಕದಿಂದ ಒಂದು ಕಾಲಾಳನ್ನು ತಳ್ಳಿದೆ; ಮಧ್ಯ ಸಡಿಲವಾಯಿತು. ಆಟ ಡ್ರಾ ಆಯಿತು. 1924ರಲ್ಲಿ ನ್ಯೂಯಾರ್ಕಿನಲ್ಲಿ ರಿಚರ್ಡ್ ರೇಟಿ ಹೀಗೇ ಎರಡೂ ಒಂಟೆಗಳನ್ನು ಅಂಚಿನ ಬಳಿ ಇಟ್ಟು, ಎಂಟು ವರ್ಷ ಸೋಲದಿದ್ದ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನೇ ಸೋಲಿಸಿದ್ದರು.

ಬುದ್ಧಘೋಷರು ‘ವಿಸುದ್ಧಿಮಗ್ಗ’ದಲ್ಲಿ ಉಪೇಕ್ಖಾಕ್ಕೆ ಎರಡು ಬಗೆಯ ಶತ್ರುಗಳನ್ನು ಹೇಳುತ್ತಾರೆ. ರಾಗ-ದ್ವೇಷ ದೂರದ ಶತ್ರು. ಅದರ ಗುರುತು ಬೇಗ ಸಿಗುತ್ತದೆ. ಅಜ್ಞಾನದಿಂದ ಹುಟ್ಟಿದ ಉದಾಸೀನ ಹತ್ತಿರದ ಶತ್ರು. ನೋಡಲು ಉಪೇಕ್ಖಾದಂತೆಯೇ ಇರುತ್ತದೆ. “ಏನಾದರೂ ಮಾಡಿಕೊಳ್ಳಲಿ, ನನಗೇನು” ಎನ್ನುವಾಗ ನಾವು ಅದರ ಕೈಗೆ ಸಿಕ್ಕಿರುತ್ತೇವೆ.

ಬೆಳೆದ ಮಗ ಮಾತು ಕೇಳದೆ ತನ್ನ ದಾರಿ ಹಿಡಿದಾಗ ನಮಗೆ ಎರಡೇ ಉಪಾಯ ಕಾಣುತ್ತವೆ: ಅವನ ಬದುಕಿನ ನಡುವೆ ಹೋಗಿ ಕೂರುವುದು, ಇಲ್ಲವೇ ಮಾತು ಬಿಡುವುದು. ಮೂರನೆಯದೂ ಇದೆ. ಫೋನ್ ಮಾಡುವುದನ್ನು ನಿಲ್ಲಿಸಬೇಡಿ. ಹೇಳಬೇಕಾದದ್ದನ್ನು ಸಮಯ ನೋಡಿ ಒಮ್ಮೆ ಹೇಳಿ. ಅವನ ಕಮ್ಮಕ್ಕೆ ಅವನೇ ಒಡೆಯ ಎಂದು ತಿಳಿದು, ಫಲ ನಮ್ಮ ಇಷ್ಟದಂತೆಯೇ ಆಗಬೇಕೆಂಬ ಹಟ ಬಿಡಿ. ಕಷ್ಟದಲ್ಲಿ ಅವನು ತಿರುಗಿ ನೋಡಿದರೆ ನೀವು ಅಲ್ಲೇ ಇರಬೇಕು.

ಇಂದಿನ ಅಭ್ಯಾಸ: ನೀವು ಬಿಗಿಹಿಡಿದಿರುವ, ಇಲ್ಲವೇ ಮುಖ ತಿರುಗಿಸಿರುವ ಒಬ್ಬರನ್ನು ನೆನೆದು ಐದು ನಿಮಿಷ ಮೆತ್ತಾ ಭಾವನೆ ಮಾಡಿ.

ಭವತು ಸಬ್ಬ ಮಂಗಲಂ 🙏